ಗೆರೆಯ ಮೇಲೆ ನಿಂತ ಹಡಗು

ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಚಿತ್ರಲಿಂಗಪ್ಪ ಎಡಗಣ್ಣು ಮುಚ್ಚಿದ. ಆಟದ ಎರಡು ಹಡಗುಗಳ ನಡುವೆ ಹಿಡಿದ ನೂಲು ಗೆರೆಯ ಮೇಲೇ ಬಿತ್ತು. ಬಲಗಣ್ಣು ಮುಚ್ಚಿದ. ಆಗಲೂ ಗೆರೆಯ ಮೇಲೇ. ಮೊಣಕಾಲೂರಿ, ಗದ್ದವನ್ನು ಬಾಗಿಲಿನ ಅಂಚಿಗೆ ತಾಗಿಸಿ, ಉಸಿರು ಬಿಗಿಹಿಡಿದು ಮತ್ತೊಮ್ಮೆ ನೋಡಿದ. ಕೂದಲೆಳೆಯಷ್ಟಾದರೂ ಆಚೆಗೋ ಈಚೆಗೋ ಸರಿದಿದ್ದರೆ ಅವನ ಜೇಬಿನಲ್ಲಿ ಆ ಕಾಗದ ಇರುತ್ತಿರಲಿಲ್ಲ.

"ಲೇ ಚಿತ್ರಾ, ಆ ಬಾಗ್ಲ ಮುಂದೆ ಇನ್ನೆಷ್ಟೊತ್ತು ಅಡ್ಡಬೀಳ್ತೀಯ? ನಾಕು ಗಂಟೆ ಗಾಡಿಗೆ ನಿಮ್ಮ ದೊಡ್ಡವ್ವ ಬರ್ತಾಳೆ. ಬಚ್ಚಲಿಗೆ ಬಾಗ್ಲು ಬೇಕು ನಂಗೆ," ಎಂದು ಅವನ ತಾಯಿ ತಿಪ್ಪಮ್ಮ ಅಡುಗೆಮನೆಯಿಂದ ಕೂಗಿದಳು.

"ಮೂರಕ್ಕೆ ಎತ್ತಪ್ಪ ಬರ್ತಾರೆ ಕಣವ್ವ. ಇವತ್ತು ಮುಗೀತೈತೆ."

"ಮೂರು ವಾರದಿಂದ ಮುಗೀತಾನೇ ಐತೆ."

ಬಾಗಿಲು ನಿಜಕ್ಕೂ ಬಚ್ಚಲದೇ. ರೈಲ್ವೆ ಕ್ವಾರ್ಟರ್ಸಿನ ಹಸಿರು ಬಣ್ಣದ ಬಾಗಿಲು, ಚಿಕ್ಕಜಾಜೂರಿನಲ್ಲಿ ಅದಕ್ಕಿಂತ ಸಪಾಟಾದ ಇನ್ನೊಂದು ವಸ್ತುವನ್ನು ಅವನು ಕಂಡಿರಲಿಲ್ಲ. ಎಂಟು ತಿಂಗಳಿಂದ ಭಾನುವಾರ ಬೆಳಿಗ್ಗೆ ಅದನ್ನು ಕೀಲಿನಿಂದ ಕಳಚಿ ಎರಡು ಟ್ರಂಕುಗಳ ಮೇಲಿಟ್ಟು, ಸಂಜೆ ಆಟ ಮುಗಿದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದರು. ಆದರೆ ಮೂರು ವಾರದ ಹಿಂದಿನ ಆಟ ಮುಗಿಯಲಿಲ್ಲ. ಬಾಗಿಲು ಹೊರಗಿನ ಕೋಣೆಯ ನಡುವೆ ಹಾಗೇ ಮಲಗಿತು. ಅದರ ಮೇಲೆ ಏಳು ಮರದ ಹಡಗುಗಳು, ಎಲ್ಲಿದ್ದವು ಅಲ್ಲೇ. ಬಚ್ಚಲಿಗೆ ಹಳೆಯ ಸೀರೆ ಇಳಿಬಿಟ್ಟಿದ್ದರು. ಒಳಗಿದ್ದೇನೆ ಎಂಬ ಗುರುತಿಗೆ ತಿಪ್ಪಮ್ಮ ಸ್ನಾನದುದ್ದಕ್ಕೂ ಕೆಮ್ಮುತ್ತಿದ್ದಳು. ಕೆಮ್ಮಿ ಕೆಮ್ಮಿ ಈಗ ಅವಳಿಗೆ ನಿಜವಾಗಿಯೂ ಕೆಮ್ಮು ಹತ್ತಿತ್ತು. ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತಾಗಲೂ ಚಿತ್ರಲಿಂಗಪ್ಪನಿಗೆ ಆ ಕೆಮ್ಮು ಕೇಳಿಸುತ್ತಿತ್ತು. ದುರ್ಗಕ್ಕೆ ಎರಡು ಟಿಕೆಟ್ ಕೇಳಿದವರಿಗೆ ಒಂದು ಕೊಟ್ಟು, ಬೈಸಿಕೊಂಡು, ಇನ್ನೊಂದು ಕೊಡುವಾಗ, ಅಪರಾಧಿ ಎಂಬವನು ಹೀಗೇ ಇರುತ್ತಾನೆ, ಕೈಯಲ್ಲಿ ಟಿಕೆಟ್ ಇಟ್ಟುಕೊಂಡು ಬೆವರುತ್ತಾನೆ, ಅಂದುಕೊಳ್ಳುತ್ತಿದ್ದ. ಅವನು ಓದಿದ ಅನುವಾದದ ಕಾದಂಬರಿಗಳಲ್ಲಿ ಇಂಥ ಹೊತ್ತಿಗೆ ಕಿಟಕಿಯ ಹೊರಗೆ ಹಿಮ ಬೀಳುತ್ತಿರುತ್ತದೆ. ಇಲ್ಲಿ ಎಂಜಿನ್ನು ಕಲ್ಲಿದ್ದಲ ಬೂದಿ ಉದುರಿಸುತ್ತಿತ್ತು. ಅವ್ವ ಒಣಹಾಕಿದ ಸಂಡಿಗೆಯ ಮೇಲೆ.

ಗೆರೆಯ ಮೇಲೆ ನಿಂತಿದ್ದ ಹಡಗಿನ ಹೆಸರು ಕಾಟಮ್ಮ. ಅದು ಎತ್ತಪ್ಪನದು, ಅವನ ತೀರಿಹೋದ ತಾಯಿಯ ಹೆಸರು. ಎತ್ತಪ್ಪ ಸ್ಟೇಷನ್ನಿನ ಪಾಯಿಂಟ್ಸ್‌ಮನ್. ಹಳಿ ಬದಲಿಸುವ ಕೆಲಸ. ಹಿರೇಗುಂಟನೂರು ಕಡೆಯ ಕುರಿಗಾಹಿಗಳ ಮನೆಯವನು, ನಲವತ್ತೈದು ದಾಟಿದವನು, ಬೇವಿನ ಕೊರಡು ಕೆತ್ತಿ ಹದಿನಾಲ್ಕು ಹಡಗು ಮಾಡಿದವನು. ಪ್ರತಿ ಹಡಗಿನ ಅಡಿಗೂ ರಟ್ಟಿನ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ಕತ್ತರಿಯ ಹಾಗೆ ಒಂದನ್ನೊಂದು ದಾಟುವ ಎರಡು ಗೆರೆ. ಅಲ್ಲಿಗೆ ನಾಲ್ಕು ಪಾಲು. ಶತ್ರು ಮುಂದಿನ ಪಾಲಿಗೆ ಬಂದರೆ ಮುಂದಿನ ಫಿರಂಗಿ ಹಾರಿಸಬೇಕು, ಬಲಪಾಲಿಗೆ ಬಂದರೆ ಬಲದ ಫಿರಂಗಿ. ಮಾಸ್ತರು ಹೇಳಿಕೊಟ್ಟ ಮಗ್ಗಿಯಷ್ಟು ಸುಲಭ. ಆದರೆ ಮೂರು ವಾರದ ಹಿಂದೆ ಕಾಟಮ್ಮ ಬಂದು ನಿಂತದ್ದು ಚಿತ್ರಲಿಂಗಪ್ಪನ ಹಡಗಿನ ಮುಂದಿನ ಪಾಲಿಗೂ ಬಲದ ಪಾಲಿಗೂ ನಡುವಿನ ಗೆರೆಯ ಮೇಲೆ, ನೆಟ್ಟಗೆ. ಒಂದೇ ಫಿರಂಗಿ ಹಾರಿದರೆ ಕಾಟಮ್ಮ ಉಳಿಯುತ್ತಾಳೆ, ಮುಂದಿನ ಸರದಿಯಲ್ಲಿ ಎತ್ತಪ್ಪ ಗೆಲ್ಲುತ್ತಾನೆ, ಎಂಟು ತಿಂಗಳಲ್ಲಿ ಮೊದಲ ಸಲ. ಎರಡೂ ಹಾರಿದರೆ ಕಾಟಮ್ಮ ಹೋದಳು, ಆಟವೂ ಹೋಯಿತು. ಇದಕ್ಕೆ ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾದ ಉತ್ತರವಿತ್ತು. ಒಂಬತ್ತನೆಯ ನಿಯಮ: 'ಗುರಿಯು ಗೆರೆಯ ಮೇಲಿದ್ದ ಪಕ್ಷದಲ್ಲಿ ಎರಡೂ ಫಿರಂಗಿಗಳು ಹಾರತಕ್ಕದ್ದು.' ಹಾರತಕ್ಕದ್ದು! ಆ ಪದವನ್ನು ಬರೆದಾಗ ಅವನಿಗೆ ಎಷ್ಟು ಹೆಮ್ಮೆಯಾಗಿತ್ತು. ಈಗ ಅದನ್ನು ನೆನೆದರೆ ಕಿವಿಯ ಹಿಂಭಾಗ ಬಿಸಿಯಾಗುತ್ತಿತ್ತು.

ಏಕೆಂದರೆ ಆ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕವೇನೋ ಇತ್ತು. ಹೋದ ವರ್ಷ ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನುತ್ತ ಅಂಗಡಿಯವನ ರದ್ದಿ ಕಾಗದದ ರಾಶಿಯ ಮೇಲೆ ಕಣ್ಣಾಡಿಸಿದಾಗ ಸಿಕ್ಕಿದ ಇಂಗ್ಲಿಷ್ ಪುಸ್ತಿಕೆ, ಅಮೆರಿಕದ ಯಾವುದೋ ಊರಿನಲ್ಲಿ ಅಚ್ಚಾದದ್ದು. ಇಪ್ಪತ್ತು ಪುಟ, ಆಕಾಶದಲ್ಲಿ ಹಡಗುಗಳನ್ನು ಕಾದಾಡಿಸುವ ಮೇಜಿನಾಟದ ಕ್ರಮ. ಅದನ್ನು ಬೇಡಿ ಪಡೆದು ರೈಲಿನಲ್ಲಿ ಕೂತು ಓದುತ್ತ ಬಂದ. ಹತ್ತನೆಯ ಪುಟದ ಕೊನೆಯಲ್ಲಿ, ಫಿರಂಗಿಯ ಗುರಿಯ ವಿಚಾರ ಹನ್ನೊಂದನೆಯ ಪುಟದಲ್ಲಿ ನೋಡಿ ಎಂದಿತ್ತು. ನೋಡಿದರೆ ಹದಿಮೂರನೆಯ ಪುಟ. ನಡುವಿನ ಹಾಳೆ ಹೋಗಿತ್ತು. ಹೊಸದುರ್ಗ ರೋಡು ಸ್ಟೇಷನ್ ದಾಟುವ ಹೊತ್ತಿಗೆ ಅವನಿಗೆ ಹೊಳೆಯಿತು: ಆ ಹಾಳೆಯಲ್ಲೇ ಅಂಗಡಿಯವನು ತನಗೆ ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟದ್ದು. ವೃತ್ತ, ಗೆರೆ, ಬಾಣದ ಗುರುತು ಎಲ್ಲವೂ ಎಣ್ಣೆಯಲ್ಲಿ ಪಾರದರ್ಶಕವಾಗುವುದನ್ನು ತಾನೇ ನೋಡಿದ್ದ. ನೋಡಿ, ಕೈ ಒರೆಸಿಕೊಂಡು, ಮುದ್ದೆ ಮಾಡಿ ಚರಂಡಿಗೆ ಎಸೆದಿದ್ದ. ಇಳಿಯಬೇಕಾದ ಊರು ಹಿಂದೆ ಹೋದದ್ದು ಆಮೇಲೆ ಗೊತ್ತಾಯಿತು. ಸತ್ಯ ಒಂದು ಸಲ ಮನುಷ್ಯನ ಕೈಗೆ ಬರುತ್ತದೆ, ಆಗ ಅವನ ಬಾಯಲ್ಲಿ ಮೆಣಸಿನಕಾಯಿ ಇರುತ್ತದೆ ಎಂಬ ವಾಕ್ಯವನ್ನು ಒಂದು ಕತೆಗೆಂದು ಬರೆದಿಟ್ಟ. ಸಂಪಾದಕರು ಆ ಕತೆಯನ್ನು ಹಿಂದಕ್ಕೆ ಕಳಿಸಿದರು.

ಉಳಿದ ಪುಟಗಳನ್ನು ಅವನು ಕನ್ನಡಕ್ಕೆ ತಂದ. ಮಧ್ಯಾಹ್ನ ಟಿಕೆಟ್ ಕಿಟಕಿ ಮುಚ್ಚಿದ ಮೇಲೆ, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿಯಿಂದ. ಹಾಳೆ ಕಳೆದ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಹೇಳಬಾರದೆಂದಲ್ಲ, ಯಾರೂ ಕೇಳಲಿಲ್ಲ. ಎರಡನೆಯ ಆಟದಲ್ಲೇ ಎತ್ತಪ್ಪನ ಒಂದು ಹಡಗು ಗೆರೆಯ ಮೇಲೆ ಬಂದು ಕೂತಿತು. ಚಿತ್ರಲಿಂಗಪ್ಪ ಸೋಲುತ್ತಿದ್ದ. ಇಂಗ್ಲಿಷ್ ಬಲ್ಲವನು, ಪುಸ್ತಕ ತಂದವನು, ಅನುವಾದಿಸಿದವನು, ಹಳಿ ಬದಲಿಸುವವನ ಕೈಯಲ್ಲಿ ಸೋಲುತ್ತಿದ್ದ. "ಈಗ ಯಾವ ಫಿರಂಗಿ ಸಾರ್?" ಎಂದು ಎತ್ತಪ್ಪ ಕೇಳಿದಾಗ ಅವನ ಬಾಯಿ ತಾನಾಗಿಯೇ, "ಎರಡೂ. ಪುಸ್ತಕದಲ್ಲಿ ಐತೆ," ಅಂದಿತು. ಎತ್ತಪ್ಪ ಪುಸ್ತಕ ತೋರಿಸು ಅನ್ನಲಿಲ್ಲ. ತಾನೇ ಹಡಗನ್ನು ಎತ್ತಿ ಆಚೆ ಇಟ್ಟು, "ಆತು ಬಿಡ್ರಿ," ಅಂದ. ಅವತ್ತು ಸಂಜೆ ಚಿತ್ರಲಿಂಗಪ್ಪ ನೋಟ್‌ಬುಕ್ಕಿನಲ್ಲಿ ಎಂಟಕ್ಕೂ ಹತ್ತಕ್ಕೂ ನಡುವೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಒಂಬತ್ತನೆಯದನ್ನು ತುಂಬಿದ. ಆಮೇಲೆ ಆ ನಿಯಮಕ್ಕೆ ಎತ್ತಪ್ಪನ ಇನ್ನೂ ಎರಡು ಹಡಗು ಹೋದವು.

ಇದನ್ನು ಇವತ್ತಿನವರೆಗೂ ಸಹಿಸಬಹುದಿತ್ತು, ಎತ್ತಪ್ಪ ಆ ನೋಟ್‌ಬುಕ್ಕನ್ನು ಅಷ್ಟು ಗೌರವದಿಂದ ಕಾಣದೆ ಇದ್ದಿದ್ದರೆ. ಅವನು ಅದನ್ನು ಮನೆಗೆ ಒಯ್ದು ಬಿಳಿ ವಸ್ತ್ರದಲ್ಲಿ ಸುತ್ತಿಟ್ಟಿದ್ದ. ತೆರೆಯುವ ಮೊದಲು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬೆರಳಿಟ್ಟು, ತುಟಿಯಾಡಿಸಿ ಓದಿ ಓದಿ ಇಪ್ಪತ್ಮೂರು ನಿಯಮಗಳೂ ಅವನಿಗೆ ಬಾಯಿಪಾಠವಾಗಿದ್ದವು. ಪಾಯಿಂಟ್ ಎಳೆಯುವಾಗ ಅವನು ಗುನುಗುವುದನ್ನು ಕೇಳಿ ದೇವರ ಪದ ಅಂದುಕೊಂಡವರಿದ್ದರು. ಅದು ಹದಿನಾರನೆಯ ನಿಯಮ, ತಿರುಗುವ ಹಡಗಿನ ವೇಗದ ವಿಚಾರ. ಚಿತ್ರಲಿಂಗಪ್ಪ ಆರು ವರ್ಷದಲ್ಲಿ ಹನ್ನೊಂದು ಕತೆ ಬರೆದಿದ್ದ. ಹತ್ತು ಟ್ರಂಕಿನಲ್ಲಿದ್ದವು, ಆ ಟ್ರಂಕಿನ ಮೇಲೆ ಈಗ ಬಾಗಿಲಿತ್ತು, ಹನ್ನೊಂದನೆಯದು ಬಾಗಿಲಿನ ಕೆಳಗೆ ನೆಲದ ಮೇಲಿತ್ತು. ಅವನು ಬರೆದದ್ದನ್ನು ಈ ಲೋಕದಲ್ಲಿ ಪೂರ್ತಿ ಓದಿದವನು ಒಬ್ಬನೇ. ಆ ಒಬ್ಬನು, ನಾಲ್ಕು ತಿಂಗಳು ಸಾರ್ ಸಾರ್ ಅನ್ನುತ್ತಿದ್ದವನು, ಒಂದು ಭಾನುವಾರ ಬಾಗಿಲಿನ ಮೇಲೆ ಬಗ್ಗಿ, "ಅಲ್ಲಿ ಇಡಬ್ಯಾಡ ತಮ್ಮಾ, ನನ್ನ ಬಾಯಿಗೆ ಬರ್ತೀಯ," ಅಂದುಬಿಟ್ಟಿದ್ದ. ತಕ್ಷಣ ನಾಲಿಗೆ ಕಚ್ಚಿಕೊಂಡಿದ್ದ. ಚಿತ್ರಲಿಂಗಪ್ಪ ಕೇಳಿಸದವನಂತೆ ಹಡಗನ್ನು ಅಲ್ಲೇ ಇಟ್ಟು, ಬೇಕೆಂದೇ ಅದನ್ನು ಕಳೆದುಕೊಂಡಿದ್ದ. ಅಲ್ಲಿಂದ ಪ್ಲಾಟ್‌ಫಾರ್ಮಿನ ಮೇಲೆ ಸಾರ್, ಬಾಗಿಲಿನ ಮೇಲೆ ತಮ್ಮ. ಅವನಿಗೆ ಅಣ್ಣಂದಿರಿರಲಿಲ್ಲ. ಯಾವ ಸಂಪಾದಕನ ಪತ್ರಕ್ಕೂ ಅವನು ಈ ಎರಡಕ್ಷರವನ್ನು ಬದಲು ಕೊಡುತ್ತಿರಲಿಲ್ಲ. ಇವತ್ತು ಕಳೆದುಹೋಗುವುದಾದರೆ ಹೋಗುವುದು ಅದೇ ಎಂದು ಅವನಿಗೆ ಬೆಳಿಗ್ಗೆಯಿಂದ ಗೊತ್ತಿತ್ತು.

ಮೂರು ವಾರದ ಹಿಂದೆ, ಕಾಟಮ್ಮ ಗೆರೆಗೆ ಬಂದಾಗ, ಪಕ್ಕದ ಮನೆಯ ನಿವೃತ್ತ ಗಾರ್ಡ್ ರೇವಣಸಿದ್ದಪ್ಪನವರೂ ಇದ್ದರು. ಅವರು ಆಡುತ್ತಿರಲಿಲ್ಲ, ಮೂವತ್ತೈದು ವರ್ಷ ಗಾಡಿಯ ಹಿಂದೆ ನಿಂತು ಅಭ್ಯಾಸವಾದ್ದರಿಂದ ಆಟದ ಹಿಂದೆಯೂ ನಿಲ್ಲುತ್ತಿದ್ದರು. "ಇದರಾಗೆ ಏನೈತ್ರಪ್ಪ ಯೋಚ್ನೆ ಮಾಡೋದು?" ಅಂದಿದ್ದರು. "ಸಿಗ್ನಲ್ಲಿನ ದೀಪ ಆರಿತ್ತು ಅಂತಿಟ್ಕಳ್ರಿ. ಇಲ್ಲಾ ಅರ್ಧ ಕಾಣ್ತೈತೆ, ಅರ್ಧ ಕಾಣಂಗಿಲ್ಲ. ಡ್ರೈವರ್ ಏನ್ ಮಾಡ್ಬೇಕು? ಡೇಂಜರ್ ಅಂತ ತಿಳ್ಕಂಡು ನಿಲ್ಲಿಸ್ಬೇಕು. ಅನುಮಾನ ಬಂತಾ, ನಿಂತ್ಕಳಪ್ಪ. ಗೆರೆ ಮೇಲೈತೆ ಅಂದ್ರೆ ಅನುಮಾನ. ಯಾವ ಫಿರಂಗಿನೂ ಹಾರಂಗಿಲ್ಲ."

"ಆಕಾಶದಾಗೂ ರೈಲ್ವೆ ರೂಲೇನ್ರೀ ಗಾರ್ಡ್ ಸಾಹೇಬ್ರೆ?" ಎಂದು ಎತ್ತಪ್ಪ ಕೇಳಿದ್ದ.

"ಎಲ್ಲಿ ಗಾಡಿ ಓಡ್ತೈತೋ ಅಲ್ಲೆಲ್ಲ ಅದೇ ರೂಲು."

"ಅಂಗಲ್ಲ. ನಾವು ಮಂದೆ ಇಳಿಸ್ದಾಗ ನಾಕೂ ಮೂಲೆಗೆ ನಾಕು ನಾಯಿ ಬಿಡ್ತೀವಿ. ನಡುವಿನ ಗೆರೆ ಮೇಲೆ ಕುರಿ ಬಂದ್ರೆ ಒಂದು ನಾಯಿ ಏಳ್ತೈತೆ. ಇನ್ನೊಂದು ಅದು ಎದ್ದಿದ್ದ ನೋಡಿ ಬಾಲದಾಗೆ ಮುಖ ಇಟ್ಕಂಡು ಮಲಗ್ತೈತೆ. ಎರಡೂ ಎದ್ದಿದ್ದ ನಾನಂತೂ ಕಂಡಿಲ್ಲ." ಆಮೇಲೆ ಅವನು ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡು ತೆರೆದು, ಒಂಬತ್ತನೆಯದರ ಮೇಲೆ ಬೆರಳಿಟ್ಟು, ಮೆಲ್ಲಗೆ ಅಂದಿದ್ದ: "ಪುಸ್ತಕದಾಗೆ ಐತೆ ಅಂದ್ಮೇಲೆ ಐತೆ. ಆದ್ರೂ ತಮ್ಮಾ, ಒಂದ್ ಸಲ ಬರ್ದವರ್ನೇ ಕೇಳು. ಉಳಿದವೆಲ್ಲ ಒಬ್ರೇ ಬರ್ದಂಗವೆ. ಇದೊಂದು ಮಾತ್ರ ಬ್ಯಾರೆ ಯಾರೋ ಬರ್ದಂಗೈತೆ."

ಇಡೀ ನೋಟ್‌ಬುಕ್ಕಿನಲ್ಲಿ ಅವನ ಸ್ವಂತ ಕೃತಿ ಅದೊಂದೇ. ಅದನ್ನು ಅವನ ಏಕಮಾತ್ರ ಓದುಗ ಕಂಡುಹಿಡಿದಿದ್ದ, ಕೆಟ್ಟದ್ದೆಂದು. ಭಯಕ್ಕಿಂತ ಮೊದಲು ಚಿತ್ರಲಿಂಗಪ್ಪನಿಗೆ ಆದದ್ದು ಅವಮಾನ. ಆ ಅವಮಾನದಲ್ಲೇ, "ಬರೀತೀನಿ, ಕಂಪನಿಗೇ ಬರೀತೀನಿ," ಅಂದುಬಿಟ್ಟ. ಮಾರನೆಯ ದಿನ ಎತ್ತಪ್ಪ ಅಂಚೆ ಡಬ್ಬಿಯ ಹತ್ತಿರವೇ ನಿಂತಿದ್ದ. ಚಿತ್ರಲಿಂಗಪ್ಪನ ಕೈಯಲ್ಲಿ ಇಂಗ್ಲಿಷಿನಲ್ಲಿ ವಿಳಾಸ ಬರೆದ ದಪ್ಪ ಲಕೋಟೆ ಇತ್ತು. ಅದು ಹನ್ನೊಂದನೆಯ ಕತೆ, ಬೆಂಗಳೂರಿನ ಒಂದು ಪತ್ರಿಕೆಗೆ ಹೊರಟದ್ದು. ಇದೇನಾ ಎಂದು ಎತ್ತಪ್ಪ ಕಣ್ಣಲ್ಲೇ ಕೇಳಿದ. ಇದೇ ಎಂದು ಇವನು ತಲೆಯಾಡಿಸಿದ. ಲಕೋಟೆ ಒಳಗೆ ಬಿದ್ದಾಗ ಎತ್ತಪ್ಪ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಹದಿನೈದು ದಿನಕ್ಕೆ ಅದು ಹಿಂದಕ್ಕೆ ಬಂತು. ಅಷ್ಟು ಭಕ್ತಿಯಿಂದ ಬೀಳ್ಕೊಟ್ಟ ಕತೆ ಬೇರೊಂದಿರಲಿಲ್ಲ. ಅದನ್ನೂ ವಿಷಾದದಿಂದ ಹಿಂತಿರುಗಿಸಿದ್ದರು.

ನಿನ್ನೆ ರಜೆ ಹಾಕಿ ಹೊಳಲ್ಕೆರೆಗೆ ಬಸ್ಸಿನಲ್ಲಿ ಹೋದ. ನಾಗಣ್ಣನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಎರಡು ಮಿಷನ್ನು. ಒಂದರ ಮೇಲೆ ಯಾರೋ ಹುಡುಗಿ ಒಂದೇ ಸಾಲನ್ನು ಕುಟ್ಟುತ್ತಿದ್ದಳು. ಇನ್ನೊಂದರ ಮೇಲೆ ನಾಗಣ್ಣನೇ ಕೂತು, ಚಿತ್ರಲಿಂಗಪ್ಪ ಇಂಗ್ಲಿಷಿನಲ್ಲಿ ಬರೆದು ತಂದ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿ, ಬೆರಳುಗಳನ್ನು ಹಿಂದಕ್ಕೆಳೆದುಕೊಂಡ. "ಏನ್ರೀ ಇದು? ಗನ್ನು, ಫೈರು? ಎಮರ್ಜೆನ್ಸಿ ಹೋತು ಅಂತ ಹಿಂಗೆಲ್ಲ ಟೈಪ್ ಮಾಡ್ಸಕ್ಕೆ ಬರ್ಬೋದಾ? ಪೊಲೀಸರು ಬಂದ್ರೆ ನನ್ನ ಮಿಷನ್ನು ಹೊತ್ಕಂಡು ಹೋಗ್ತಾರೆ."

"ಇದು ಆಟ ನಾಗಣ್ಣಾರೆ. ಮರದ ಹಡಗು."

"ಮಾರ್ಚಿನಾಗೆ ರಜೆ ಅರ್ಜಿ ಮಾಡ್ಸಕಂಡು ಹೋದ್ರಲ್ಲ, ಅಂಥದ್ದು ತರ್ರಿ, ಎಷ್ಟು ಬೇಕಾದ್ರೂ ಕುಟ್ಟಿಕೊಡ್ತೀನಿ," ಎಂದು ಗೊಣಗಿದರೂ ಕುಟ್ಟಿದ. ಕಂಪನಿಯೇ ಉತ್ತರ ಬರೆದಂತೆ ಮೂರು ಸಾಲು. ಪ್ರಿಯ ಮಹಾಶಯರೆ, ಗುರಿಯು ಗೆರೆಯ ಮೇಲಿದ್ದಾಗ ಒಂದೇ ಫಿರಂಗಿ ಹಾರತಕ್ಕದ್ದು, ತಮ್ಮ ಸ್ನೇಹಿತರು ಸರಿ, ನಮಸ್ಕಾರ. ಕೆಳಗೆ ಆರ್. ಬಿ. ಹಾಲಂಡ್ ಎಂದು, ತಾನೇ ಕಟ್ಟಿದ ಹೆಸರಿನಲ್ಲಿ, ಚಿತ್ರಲಿಂಗಪ್ಪ ಎಡಗೈಯಲ್ಲಿ ಸಹಿ ಮಾಡಿದ. ಬರುವಾಗ ಬಸ್ಸಿನಲ್ಲಿ ಅವನ ಮನಸ್ಸು ಎಷ್ಟೋ ದಿನದ ಮೇಲೆ ಹಗುರಾಗಿತ್ತು. ಸುಳ್ಳನ್ನು ತನ್ನ ವಿರುದ್ಧವೇ ಹೇಳುವುದರಲ್ಲಿ ಒಂದು ಘನತೆಯಿತ್ತು. ತಾನು ಸೋಲುತ್ತೇನೆ, ಎತ್ತಪ್ಪ ಗೆಲ್ಲುತ್ತಾನೆ, ಕಾಟಮ್ಮ ಉಳಿಯುತ್ತಾಳೆ. ಮನೆಗೆ ಬಂದು ಗೋಡೆಯ ಕನ್ನಡಿಯ ಮುಂದೆ ನಿಂತು, ಸೋತವನ ಉದಾರವಾದ ನಗುವನ್ನು ಎರಡು ಮೂರು ಸಲ ನಕ್ಕು ನೋಡಿದ. ಹಿಂದಿನಿಂದ ಅವ್ವ, "ಹಲ್ಲು ನೋಯ್ತೈತೇನಪ್ಪ?" ಅಂದಳು.

ಮೂರು ಹೊಡೆಯಿತು. ಎತ್ತಪ್ಪ ಬಂದ. ನೀಲಿ ಅಂಗಿ ಬದಲಿಸಿ ಒಗೆದ ಬಿಳಿ ಅಂಗಿ ಹಾಕಿದ್ದ, ಕಂಕುಳಲ್ಲಿ ವಸ್ತ್ರ ಸುತ್ತಿದ ನೋಟ್‌ಬುಕ್ಕು. ಅವನ ಹಿಂದೆ ರೇವಣಸಿದ್ದಪ್ಪನವರು, ಕೈಯಲ್ಲಿ ರೈಲ್ವೆಯ ರೂಲ್ಸ್ ಪುಸ್ತಕ, ಬೇಕಾದರೆ ಇರಲಿ ಎಂದು.

"ಬರ್ರಿ, ಕುಂತ್ಕಳ್ರಿ," ಎಂದು ತಿಪ್ಪಮ್ಮ ಕೆಮ್ಮುತ್ತ ಅಂದಳು. "ಬೇಗ ಕಾದಾಡಿ ನನ್ನ ಬಾಗ್ಲು ಕೊಡ್ರಪ್ಪ."

"ಬಂತಂತಲ್ಲ ತಮ್ಮಾ?" ಎತ್ತಪ್ಪ ಚಾಪೆಯ ಮೇಲೆ ಕೂತು ಕೇಳಿದ. ಅವನ ಮುಖದಲ್ಲಿ ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಬಂದವನ ಅಂಜಿಕೆ ಇತ್ತು.

ಚಿತ್ರಲಿಂಗಪ್ಪ ಕಾಗದ ತೆಗೆದ. ನಿಂತುಕೊಂಡೇ ಇಂಗ್ಲಿಷಿನಲ್ಲಿ ಓದಿದ, ಕನ್ನಡದಲ್ಲಿ ಹೇಳಿದ. ಹೇಳುವಾಗ ಕನ್ನಡಿಯಲ್ಲಿ ಅಭ್ಯಾಸ ಮಾಡಿದ ನಗು ತುಟಿಗೆ ಬರಲಿಲ್ಲ. ಒಂದು ಕೆನ್ನೆ ಮಾತ್ರ ಅದುರಿತು.

"ಅಂದ್ರೆ ಒಂದೇ ಫಿರಂಗಿ," ಎಂದರು ರೇವಣಸಿದ್ದಪ್ಪನವರು, ತುಸು ನಿರಾಶೆಯಿಂದ. "ಆಗ್ಲಿ. ಅವ್ರ ಕಂಪನಿ, ಅವ್ರ ರೂಲು. ಗೆದ್ಯಲ್ಲಪ್ಪ ಎತ್ತಪ್ಪ! ನಾಯಿ ಲೆಕ್ಕಾನೇ ಸರಿ ಆತು ನೋಡು."

ಎತ್ತಪ್ಪ ಹಿಗ್ಗಲಿಲ್ಲ. ಎರಡೂ ಕೈ ಚಾಚಿ ಕಾಗದ ಕೇಳಿದ. "ಅಮೆರಿಕದ ಕಾಗ್ದ. ಕೈಯಾಗೆ ಹಿಡೀತೀನಿ ಒಂದೀಟು." ಚಿತ್ರಲಿಂಗಪ್ಪ ಕೊಟ್ಟ. ಲಕೋಟೆ ಎಲ್ಲಿ ಎಂದು ಕೇಳಿದರೆ ಹೇಳಲು ಅವನು ಒಂದು ಉತ್ತರ ಇಟ್ಟುಕೊಂಡಿದ್ದ; ಎತ್ತಪ್ಪ ಕೇಳಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದ. ಇಂಗ್ಲಿಷ್ ಓದಲು ಬಾರದವನು ಇಂಗ್ಲಿಷನ್ನು ಇಷ್ಟು ಹೊತ್ತು ಏನು ನೋಡುತ್ತಾನೆ? ಅವನ ಕಣ್ಣು ಸಾಲಿನ ಮೇಲೆ ಎಡದಿಂದ ಬಲಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಇಲ್ಲಿ ನಿಂತು, ಹಿಂದಕ್ಕೆ ಬಂದು, ಮತ್ತೆ ಒಂದು ಕಡೆ ನಿಲ್ಲುತ್ತಿತ್ತು. ಆ ನೋಟವನ್ನು ಚಿತ್ರಲಿಂಗಪ್ಪ ಒಮ್ಮೆ ಕಂಡಿದ್ದ. ಸಂತೆಗೆ ಹೋಗುವ ಕುರಿಗಳು ಸ್ಟೇಷನ್ನಿನ ಅಂಗಳದಲ್ಲಿ ಎರಡು ಮಂದೆ ಬೆರೆತು, ಯಾರವು ಯಾವುವು ಎಂದು ಜಗಳವಾದಾಗ, ಕರೆಸಿದ್ದು ಎತ್ತಪ್ಪನನ್ನು. ಕಿವಿಯ ಗುರುತೂ ನೋಡದೆ, ಬರೀ ಮುಖ ನೋಡಿ, ಇದು ಇತ್ಲಾಗೆ, ಇದು ಅತ್ಲಾಗೆ ಎಂದು ಎಂಬತ್ತು ಕುರಿಯನ್ನು ಬೇರೆ ಮಾಡಿದ್ದ. ಅವತ್ತು ಚಿತ್ರಲಿಂಗಪ್ಪ ಬೆರಗಾಗಿದ್ದ. ಇವತ್ತು ಬಾಗಿಲಿನ ಅಂಚು ಹಿಡಿದುಕೊಂಡ.

ಎತ್ತಪ್ಪ ನೋಟ್‌ಬುಕ್ಕಿನ ವಸ್ತ್ರ ಬಿಚ್ಚಿದ. ಒಂಬತ್ತನೆಯ ನಿಯಮದ ಪುಟದಲ್ಲಿ ಗುರುತಿಗೆಂದು ಮಡಚಿಟ್ಟಿದ್ದ ಒಂದು ಕಾಗದ ತೆಗೆದು, ಬಿಡಿಸಿ, ಬಾಗಿಲಿನ ಮೇಲೆ, ಹಡಗುಗಳಿಗೆ ತಾಗದಂತೆ ಇಟ್ಟ. ಅವನ ರಜೆ ಅರ್ಜಿ. ಮಾರ್ಚಿನಲ್ಲಿ ತಂಗಿಯ ಮಗಳ ಮದುವೆಗೆಂದು ಚಿತ್ರಲಿಂಗಪ್ಪನೇ ಇಂಗ್ಲಿಷಿನಲ್ಲಿ ಬರೆದು ಹೊಳಲ್ಕೆರೆಯಲ್ಲಿ ಟೈಪ್ ಮಾಡಿಸಿ ತಂದದ್ದರ ನಕಲು. ಅದರ ಪಕ್ಕದಲ್ಲಿ ಅಮೆರಿಕದ ಕಾಗದ.

"ಇದನ್ನ ನೋಡು ತಮ್ಮಾ," ಅಂದ. ದನಿಯಲ್ಲಿ ಆರೋಪವಿರಲಿಲ್ಲ, ಏನೋ ವಿಚಿತ್ರ ಕಂಡವನ ಕುತೂಹಲ ಮಾತ್ರ. "ಈ ದುಂಡನೆ ಮರಿ ನೋಡು, ಹೊಟ್ಟೆ ಉಬ್ಬರಿಸ್ಕಂಡೈತೆ, ಒಳಗೆ ತೂತಿಲ್ಲ. ಎಲ್ಲೆಲ್ಲಿ ಬಂದೈತೋ ಅಲ್ಲೆಲ್ಲ ಹೊಟ್ಟೆ ಉಬ್ಬರ. ಇದು ನೋಡು, ಕೊಕ್ಕೆ ಐತಲ್ಲ, ಇದು ಸಾಲಿನಾಗೆ ನಿಲ್ಲಂಗಿಲ್ಲ, ಕಾಲೆತ್ತಿ ಕುಂಟ್ತೈತೆ. ಈಗ ನನ್ನ ಅರ್ಜಿ ನೋಡು. ಅದೇ ಉಬ್ಬರ. ಅದೇ ಕುಂಟು. ಎರಡೂ ಒಂದೇ ಹಟ್ಟಿ ಕುರಿ."

ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟಗುಟ್ಟಿತು. ರೇವಣಸಿದ್ದಪ್ಪನವರು ಕನ್ನಡಕ ಏರಿಸಿ ಎರಡು ಕಾಗದವನ್ನೂ ನೋಡಿ, ಕೆಮ್ಮಿ, "ಅಲ್ಲಪ್ಪ, ಹೊಳಲ್ಕೆರೆ ಮಿಷನ್ನು ಅಮೆರಿಕದಾಗೇ ಮಾಡಿದ್ದಿರ್ಬೋದು. ಒಂದೇ ಕಾರ್ಖಾನೆ ಆದ್ರೆ ಒಂದೇ ತರ ಬೀಳ್ತೈತಪ್ಪ ಅಕ್ಷರ," ಅಂದರು. ಒಂದು ಕ್ಷಣ ಚಿತ್ರಲಿಂಗಪ್ಪನಿಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಹೌದು ಅಂದರೆ ಸಾಕು. ಎತ್ತಪ್ಪ ನಂಬುತ್ತಾನೆ, ಅವನು ನಂಬಲು ಕಾಯುತ್ತಿದ್ದಾನೆ, ಕತ್ತು ಮೇಲೆತ್ತಿ, ಬಾಯಿ ಅರ್ಧ ತೆರೆದು. ಇಂಥ ಮುಖಕ್ಕೆ ಎರಡನೆಯ ಸಲ 'ಪುಸ್ತಕದಲ್ಲಿ ಐತೆ' ಅನ್ನುವುದು ಮೊದಲ ಸಲಕ್ಕಿಂತ ಸುಲಭ ಎಂದು ಹೊಳೆದದ್ದೇ, ಅವನಿಗೆ ತನ್ನ ಬಗ್ಗೆ ಎಂಥ ಹೆದರಿಕೆಯಾಯಿತೆಂದರೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಹಾಳೆ ಇರಲಿಲ್ಲ. ಮೆಣಸಿನಕಾಯಿ ಕಟ್ಟಿದ್ದರು. ಒಂಬತ್ತನೆಯದು ನಾನೇ ಬರೆದದ್ದು. ಕಂಪನಿಗೆ ಬರೆಯಲೇ ಇಲ್ಲ. ಲಕೋಟೆಯಲ್ಲಿದ್ದದ್ದು ಕತೆ. ಹಾಲಂಡ್ ಅನ್ನುವವನು ಇಲ್ಲ.

ಅವನು ಓದಿದ ಪುಸ್ತಕಗಳಲ್ಲಿ ತಪ್ಪೊಪ್ಪಿಕೊಂಡವರು ನೆಲಕ್ಕೆ ಮುತ್ತಿಡುತ್ತಿದ್ದರು, ಅಳುತ್ತಿದ್ದರು, ಹಗುರಾಗುತ್ತಿದ್ದರು. ಅವನಿಗೆ ಬಿಕ್ಕಳಿಕೆ ಬಂತು.

"ಮೆಣಸಿನಕಾಯಾ?" ಅಂದರು ರೇವಣಸಿದ್ದಪ್ಪನವರು. ಎಲ್ಲವನ್ನೂ ಬಿಟ್ಟು ಅದೊಂದೇ ಅವರಿಗೆ ಹಿಡಿಸಿತ್ತು. "ದಾವಣಗೆರೆದಾ?"

ಎತ್ತಪ್ಪ ರಜೆ ಅರ್ಜಿಯನ್ನು ಇದ್ದ ಮಡಿಕೆಯಲ್ಲೇ ಮಡಚಿದ. "ಅಂದ್ರೆ ಆ ಮೂರು ಹಡಗು," ಅಂದ ನಿಧಾನವಾಗಿ, "ಎರಡನೇ ಆಟದಾಗೆ ಒಂದು, ಯುಗಾದಿ ಆದ್ಮೇಲೆ ಎರಡು... ಅವನ್ನ ನಾನೇ ಎತ್ತಿ ಆಚೆ ಇಟ್ಟೆ."

"ಹೌದು." ಬಿಕ್ಕಳಿಕೆ.

"ಪುಸ್ತಕದಾಗೆ ಐತೆ ಅಂದ್ರಿ."

ಅಂದ್ರಿ. ಚಿತ್ರಲಿಂಗಪ್ಪನಿಗೆ ಅದು ಕೇಳಿಸಿತು. ನೀರಿಗೆ ಬಿದ್ದವನು ದಡದಲ್ಲಿ ಬಾಗಿಲು ಮುಚ್ಚಿದ ಸದ್ದು ಕೇಳಿದ ಹಾಗೆ.

ಅಷ್ಟರಲ್ಲಿ ದುರ್ಗದ ಪ್ಯಾಸೆಂಜರ್ ಕೂಗಿತು. ಕ್ವಾರ್ಟರ್ಸು ಸ್ಟೇಷನ್ನಿಗೆ ಅಂಟಿಕೊಂಡೇ ಇದ್ದುದರಿಂದ ದೊಡ್ಡವ್ವ ಬರಗೇರಮ್ಮ ಐದೇ ನಿಮಿಷದಲ್ಲಿ ಒಳಗೆ ಬಂದಳು. ಕೈಯ ಗಂಟನ್ನು ಮೂಲೆಗೆಸೆದು, ಗಂಡಸರನ್ನು ನೋಡಿ ಸೆರಗೆಳೆದುಕೊಂಡು, ರೈಲಿನಲ್ಲಿ ದಾರಿಯುದ್ದಕ್ಕೂ ತಡೆದುಕೊಂಡವರ ಅವಸರದಲ್ಲಿ ನೇರ ಹಿಂದಕ್ಕೆ ಹೋದಳು. ಅಲ್ಲಿಂದ ಅವಳ ಗಂಟಲು ಕೇಳಿತು. "ಇದೇನೇ ತಿಪ್ಪಿ, ಬಚ್ಚಲಿಗೆ ಬಾಗ್ಲೆಲ್ಲೆ?"

"ಆಕಾಶಕ್ಕೆ ಹೋಗೈತೆ ಕಣಕ್ಕ. ನೀನು ಒಳಗೆ ಹೋಗಿ ಕೆಮ್ಮು."

"ಕೆಮ್ಮಾ? ನಂಗ್ಯಾಕೆ ಕೆಮ್ಮು?"

"ಕೆಮ್ಮೇ, ಹೇಳ್ತೀನಿ ಆಮ್ಯಾಕೆ."

ಒಳಗಿನಿಂದ ಅಪನಂಬಿಕೆಯ ಒಂದು ಕೆಮ್ಮು ಕೇಳಿತು, ಆಮೇಲೆ ಇನ್ನೊಂದು. ರೇವಣಸಿದ್ದಪ್ಪನವರು ರೂಲ್ಸ್ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಅವರ ಹೆಗಲು ಕುಲುಕುತ್ತಿತ್ತು. ನಗಬೇಕಾದ ಹೊತ್ತು ಇದು. ಬೇರೆ ಭಾನುವಾರವಾಗಿದ್ದರೆ ಎತ್ತಪ್ಪ ತೊಡೆ ತಟ್ಟಿ ನಗುತ್ತಿದ್ದ, 'ನಿಮ್ಮ ದೊಡ್ಡವ್ವ ಗೆರೆ ಮೇಲೆ ಸಿಕ್ಕಾಕ್ಕಂಡಳು ತಮ್ಮಾ' ಅನ್ನುತ್ತಿದ್ದ. ಅವನು ನಗದೆ ಇದ್ದದ್ದರಿಂದ ಆ ಕೆಮ್ಮು ಚಿತ್ರಲಿಂಗಪ್ಪನ ಎದೆಗೆ ಬಂದು ಬಡಿಯಿತು. ಏನಾದರೂ ಕೊಡಬೇಕು. ತಕ್ಷಣ, ಇನ್ನೊಂದು ಕೆಮ್ಮು ಬರುವುದರೊಳಗೆ.

"ಈ ಆಟ ನೀವು ಗೆದ್ರಿ," ಅಂದ. "ಕಾಟಮ್ಮನಿಗೆ ಏನೂ ಆಗಿಲ್ಲ. ನಾನು ಫಿರಂಗಿನೇ ಹಾರ್ಸಲ್ಲ."

ಎತ್ತಪ್ಪ ಮಡಚಿದ ಅರ್ಜಿಯ ಅಂಚನ್ನು ಉಗುರಿನಿಂದ ತೀಡಿದ.

"ಹೋದ ಮೂರು ಹಡಗೂ ವಾಪಸ್ ಇಡ್ರಿ." ಬಿಕ್ಕಳಿಕೆ. ಚಿತ್ರಲಿಂಗಪ್ಪ ಕಾಟಮ್ಮನನ್ನು ಎರಡು ಬೆರಳಲ್ಲಿ ಹಿಡಿದು ಗೆರೆಯಿಂದ ಒಂದು ಗೇಣು ಆಚೆಗೆ, ಯಾವ ಫಿರಂಗಿಯೂ ಮುಟ್ಟದ ಕಡೆಗೆ ಸರಿಸಿದ. "ನೋಡ್ರಿ, ಇಲ್ಲಿದ್ರೆ ತಕರಾರೇ ಇಲ್ಲ."

ಎತ್ತಪ್ಪ ಕೈ ಚಾಚಿ ಕಾಟಮ್ಮನನ್ನು ಎತ್ತಿಕೊಂಡ. ಅವಳ ಮೂತಿಗೆ ಅಂಟಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಮೂರು ವಾರ ನಿಂತಿದ್ದ ಜಾಗಕ್ಕೆ, ಗೆರೆಯ ಮೇಲೇ, ನೂಲು ಬೇಕಿಲ್ಲದೆ ಇಟ್ಟ. ಇಟ್ಟು ಹಿಂದಕ್ಕೆ ಸರಿದು ಕೂತ.

ಚಿತ್ರಲಿಂಗಪ್ಪನಿಗೆ ಆಗ ಹೊಳೆಯಿತು, ಅಥವಾ ಹೊಳೆಯಿತು ಅಂದುಕೊಂಡ. ನೋಟ್‌ಬುಕ್ಕನ್ನು ಎಳೆದುಕೊಂಡು, ಒಂಬತ್ತನೆಯ ನಿಯಮದ ಮೇಲೆ ಉದ್ದಕ್ಕೂ ಗೆರೆ ಹೊಡೆದ. ಹಾರತಕ್ಕದ್ದು ಎಂಬ ಪದ ಹೋಗುವಾಗ ಒಂದು ಸಣ್ಣ ನೋವಾಯಿತು. ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ತೆರೆದ ಪುಟದ ಮೇಲಿಟ್ಟು, ಎರಡನ್ನೂ ಬಾಗಿಲಿನ ಅಂಚಿನಲ್ಲಿ ಎತ್ತಪ್ಪನ ಕಡೆಗೆ ತಳ್ಳಿದ. ಇದು ಸರಿ, ಇದಕ್ಕಿಂತ ಹೆಚ್ಚಿನದು ಕೊಡಲು ಅವನಲ್ಲಿ ಏನೂ ಇರಲಿಲ್ಲ. ಹನ್ನೊಂದು ಕತೆ ಬರೆದವನು ಯಾರಿಗೂ ಬಿಟ್ಟುಕೊಡದ ಜಾಗ.

"ಒಂಬತ್ತನೇದನ್ನ ನೀವೇ ಬರೀರಿ ಎತ್ತಪ್ಪ. ನಾಯಿ ಲೆಕ್ಕ ಅಂದ್ರೆ ನಾಯಿ ಲೆಕ್ಕ. ಕೆಳಗೆ ನಿಮ್ಮ ಹೆಸರು ಹಾಕ್ರಿ. ಮುಂದಿನ ಭಾನುವಾರದಿಂದ ಅದೇ ರೂಲು."

ಎತ್ತಪ್ಪ ಪೆನ್ನನ್ನು ನೋಡಿದ, ಗೆರೆ ಹೊಡೆದ ಸಾಲನ್ನು ನೋಡಿದ. ಕೆಳಗೆ ಬಿದ್ದಿದ್ದ ಬಿಳಿ ವಸ್ತ್ರವನ್ನು ಎತ್ತಿ, ಕೊಡವಿ, ನಾಲ್ಕಾಗಿ ಮಡಚಿ ತನ್ನ ಜೇಬಿನಲ್ಲಿಟ್ಟುಕೊಂಡ. ನೋಟ್‌ಬುಕ್ಕು ಇದ್ದಲ್ಲೇ ಇತ್ತು. ಅವನು ಎದ್ದು ನಿಂತ.

"ನಾನೊಲ್ಲೆ ಸಾರ್," ಅಂದ.